ನಿವೃತ್ತಿ ವೀಸಾದ ಆರ್ಥಿಕ ಅರ್ಹತೆ

ನಿವೃತ್ತಿ ವೀಸಾ ಎಂದರೆ ಉದ್ಯೋಗದಿಂದ ನಿವೃತ್ತರಾದ ವಿದೇಶಿಯರಿಗೆ, ಅಲ್ಲಿ ದುಡಿಯಬಾರದೆಂಬ ಷರತ್ತಿನೊಂದಿಗೆ, ದೀರ್ಘಕಾಲ ವಾಸಿಸಲು ಒಂದು ದೇಶವು ನೀಡುವ ಅನುಮತಿ. ಅರ್ಜಿದಾರರು ಅಲ್ಲಿನ ಸರ್ಕಾರಕ್ಕೆ ಹೊರೆಯಾಗದೆ ಬದುಕಬಲ್ಲರು ಎಂಬುದನ್ನು ದಾಖಲೆಗಳ ಮೂಲಕ ಸಾಬೀತುಪಡಿಸಬೇಕಾದ ನಿಯಮಗಳನ್ನು ಒಟ್ಟಾಗಿ ಆರ್ಥಿಕ ಅರ್ಹತೆ ಎನ್ನಲಾಗುತ್ತದೆ. ಮಾಸಿಕ ಆದಾಯ, ಬ್ಯಾಂಕ್ ಠೇವಣಿ ಮತ್ತು ಆರೋಗ್ಯ ವಿಮೆ ಇದರ ಮುಖ್ಯ ಅಂಗಗಳು. ಈ ನಿಯಮಗಳು ಅರ್ಜಿದಾರರ ಒಟ್ಟು ಆಸ್ತಿಯನ್ನು ಅಳೆಯುವುದಿಲ್ಲ. ನಿಯತವಾಗಿ ಬರುವ, ದಾಖಲೆಯಿರುವ ಮತ್ತು ಗಡಿಯಾಚೆಗೆ ಸಾಗಿಸಬಹುದಾದ ಹಣವನ್ನು ಮಾತ್ರ ಪರಿಗಣಿಸುತ್ತವೆ. ಈ ಕಾರಣದಿಂದ ಭಾರತದಲ್ಲಿ ಒಂದೇ ಊರಿನಲ್ಲಿ ದುಡಿದು ನಿವೃತ್ತರಾದವರ ಅರ್ಹತೆಯೂ ಅವರ ಪಿಂಚಣಿ ಯೋಜನೆಗೆ ತಕ್ಕಂತೆ ಬಹಳ ಭಿನ್ನವಾಗುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಯ ಸಿಮೆಂಟ್ ವಲಯವು ಇದಕ್ಕೆ ಸ್ಪಷ್ಟ ಉದಾಹರಣೆಯಾಗಿದೆ.

## ಹಿನ್ನೆಲೆ

ವಿದೇಶಿ ಪಿಂಚಣಿದಾರರನ್ನು ಆಹ್ವಾನಿಸಿ ವಿದೇಶಿ ವಿನಿಮಯ ಗಳಿಸುವ ಯೋಜನೆಗಳು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ವ್ಯಾಪಕವಾದವು. ಫಿಲಿಪ್ಪೀನ್ಸ್ 1985ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ನಿವೃತ್ತಿ ಪ್ರಾಧಿಕಾರವನ್ನು ಸ್ಥಾಪಿಸಿತು. ಮಲೇಷ್ಯಾ 1996ರಲ್ಲಿ ಆರಂಭಿಸಿದ ಯೋಜನೆಯನ್ನು 2002ರಲ್ಲಿ 'ಮಲೇಷ್ಯಾ ನನ್ನ ಎರಡನೆಯ ಮನೆ' ಎಂಬ ಅರ್ಥದ ಹೆಸರಿನಿಂದ ಮರುರೂಪಿಸಿತು.

ಕೆಲವು ದೇಶಗಳು ವಿರುದ್ಧ ದಿಕ್ಕಿನಲ್ಲಿ ಸಾಗಿವೆ. ಬ್ರಿಟನ್ ಸ್ವಂತ ಆದಾಯವುಳ್ಳ ನಿವೃತ್ತರಿಗಾಗಿ ಇದ್ದ ವರ್ಗವನ್ನು 2008ರ ನವೆಂಬರ್‌ನಲ್ಲಿ ಮುಚ್ಚಿತು. ಆಸ್ಟ್ರೇಲಿಯಾ ತನ್ನ ಹೂಡಿಕೆದಾರ ನಿವೃತ್ತಿ ವೀಸಾಕ್ಕೆ 2018ರಿಂದ ಹೊಸ ಅರ್ಜಿಗಳನ್ನು ಸ್ವೀಕರಿಸುತ್ತಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಿವೃತ್ತಿ ವೀಸಾ ಎಂಬ ವರ್ಗವೇ ಇಲ್ಲ.

## ಮಾನದಂಡಗಳ ವಿಧಗಳು

ಆರ್ಥಿಕ ಅರ್ಹತೆಯನ್ನು ಸಾಮಾನ್ಯವಾಗಿ ನಾಲ್ಕು ವಿಧಗಳಲ್ಲಿ ನಿರ್ಧರಿಸಲಾಗುತ್ತದೆ.

* ಆದಾಯ ಮಾರ್ಗ: ಪಿಂಚಣಿ, ಬಾಡಿಗೆ, ಬಡ್ಡಿ ಮೊದಲಾದ, ದುಡಿಮೆಯಿಲ್ಲದೆ ಬರುವ ಆದಾಯವು ನಿಗದಿತ ಮೊತ್ತಕ್ಕಿಂತ ಕಡಿಮೆ ಇರಬಾರದು. ಕೆಲವು ದೇಶಗಳು ಜೀವನಪರ್ಯಂತ ಬರುವ ಪಿಂಚಣಿಯನ್ನು ಮಾತ್ರ ಒಪ್ಪುತ್ತವೆ.
* ಠೇವಣಿ ಮಾರ್ಗ: ಆ ದೇಶದ ಬ್ಯಾಂಕಿನಲ್ಲಿ ನಿಗದಿತ ಮೊತ್ತವನ್ನು ಇರಿಸಬೇಕು. ವೀಸಾ ಚಾಲ್ತಿಯಲ್ಲಿರುವವರೆಗೆ ಆ ಹಣದ ಬಹುಭಾಗವನ್ನು ಬಳಸುವಂತಿಲ್ಲ.
* ಹೂಡಿಕೆ ಮಾರ್ಗ: ಮನೆ ಅಥವಾ ಸರ್ಕಾರಿ ಬಾಂಡ್‌ಗಳಲ್ಲಿ ಹಣ ತೊಡಗಿಸಬೇಕು.
* ಮಿಶ್ರ ಮಾರ್ಗ: ಆದಾಯ ಮತ್ತು ಠೇವಣಿ ಎರಡನ್ನೂ ಕೂಡಿಸಿ ನಿಗದಿತ ಮೊತ್ತವನ್ನು ತಲುಪಬಹುದು.

ಇವುಗಳ ಜೊತೆಗೆ ಹಲವು ದೇಶಗಳು ಆರೋಗ್ಯ ವಿಮೆಯನ್ನು ಕಡ್ಡಾಯಗೊಳಿಸಿವೆ. ವಯಸ್ಸು ಹೆಚ್ಚಿದಂತೆ ವಿಮೆಯ ಕಂತು ಏರುವುದರಿಂದ, ಅರ್ಜಿ ಸಲ್ಲಿಸುವಾಗ ಅರ್ಹರಾಗಿದ್ದವರು ನಂತರದ ನವೀಕರಣಗಳಲ್ಲಿ ಅನರ್ಹರಾಗುವ ಸಾಧ್ಯತೆ ಇರುತ್ತದೆ.

## ಕೆಲವು ದೇಶಗಳ ನಿಯಮಗಳು

* ಥಾಯ್ಲೆಂಡ್: ವಯಸ್ಸು 50 ತುಂಬಿರಬೇಕು. ಅಲ್ಲಿದ್ದುಕೊಂಡು ಒಂದು ವರ್ಷದ ವಾಸ್ತವ್ಯ ವಿಸ್ತರಣೆ ಪಡೆಯಲು ಥಾಯ್ ಬ್ಯಾಂಕಿನಲ್ಲಿ 8,00,000 ಬಾತ್ ಠೇವಣಿ, ಅಥವಾ ತಿಂಗಳಿಗೆ 65,000 ಬಾತ್ ಆದಾಯ, ಅಥವಾ ಎರಡೂ ಸೇರಿ ವರ್ಷಕ್ಕೆ 8,00,000 ಬಾತ್ ತೋರಿಸಬೇಕು. ಠೇವಣಿಯು ಅರ್ಜಿಗೆ ಎರಡು ತಿಂಗಳು ಮೊದಲಿನಿಂದ ಖಾತೆಯಲ್ಲಿದ್ದು, ಅನುಮತಿ ದೊರೆತ ಮೇಲೂ ಮೂರು ತಿಂಗಳು ಹಾಗೆಯೇ ಉಳಿದಿರಬೇಕು. ಆಮೇಲೆ 4,00,000 ಬಾತ್‌ಗಿಂತ ಕೆಳಗೆ ಇಳಿಯಬಾರದು. 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಹತ್ತು ವರ್ಷಗಳ ದೀರ್ಘಾವಧಿ ವೀಸಾದಲ್ಲಿ ಶ್ರೀಮಂತ ಪಿಂಚಣಿದಾರರಿಗಾಗಿ ಪ್ರತ್ಯೇಕ ವರ್ಗವಿದ್ದು, ಅದಕ್ಕೆ ವರ್ಷಕ್ಕೆ 80,000 ಅಮೆರಿಕನ್ ಡಾಲರ್ ಆದಾಯವನ್ನು ನಿಗದಿಪಡಿಸಲಾಯಿತು.
* ಮಲೇಷ್ಯಾ: 2021ರಲ್ಲಿ ನಿಯಮ ಬಿಗಿಗೊಳಿಸಿದಾಗ ಮಾಸಿಕ 40,000 ರಿಂಗಿಟ್ ಆದಾಯ ಮತ್ತು 10 ಲಕ್ಷ ರಿಂಗಿಟ್ ಠೇವಣಿಯನ್ನು ಕೇಳಲಾಯಿತು. 2024ರಲ್ಲಿ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ಶ್ರೇಣಿಗಳನ್ನು ಜಾರಿಗೊಳಿಸಿ ಕ್ರಮವಾಗಿ 1,50,000, 5,00,000 ಮತ್ತು 10,00,000 ಅಮೆರಿಕನ್ ಡಾಲರ್ ಠೇವಣಿಯನ್ನು ನಿಗದಿಪಡಿಸಲಾಯಿತು.
* ಪೋರ್ಚುಗಲ್: 'ಡಿ7' ವೀಸಾಕ್ಕೆ ಆ ದೇಶದ ಕನಿಷ್ಠ ವೇತನದಷ್ಟು ಆದಾಯ ಸಾಕು. ಇದು 2024ರಲ್ಲಿ ತಿಂಗಳಿಗೆ 820 ಯೂರೋ, 2025ರಲ್ಲಿ 870 ಯೂರೋ ಇತ್ತು. ಪತಿ ಅಥವಾ ಪತ್ನಿಗೆ ಅದರ ಅರ್ಧದಷ್ಟನ್ನು ಸೇರಿಸಿ ತೋರಿಸಬೇಕು.
* ಸ್ಪೇನ್: ದುಡಿಮೆರಹಿತ ವಾಸದ ವೀಸಾಕ್ಕೆ ಐಪ್ರೆಮ್ ಎಂಬ ಸರ್ಕಾರಿ ಸೂಚ್ಯಂಕದ ನಾಲ್ಕು ಪಟ್ಟು ಆದಾಯವಿರಬೇಕು. ಸೂಚ್ಯಂಕವು ತಿಂಗಳಿಗೆ 600 ಯೂರೋ ಇದ್ದಾಗ ಈ ಮೊತ್ತ 2,400 ಯೂರೋ ಆಗುತ್ತದೆ.
* ಪನಾಮಾ ಮತ್ತು ಕೋಸ್ಟರಿಕಾ: ತಿಂಗಳಿಗೆ 1,000 ಅಮೆರಿಕನ್ ಡಾಲರ್‌ನಷ್ಟು ಜೀವನಪರ್ಯಂತದ ಪಿಂಚಣಿ ಇರಬೇಕು.
* ದುಬೈ: 55 ವರ್ಷ ಮೀರಿದವರಿಗಾಗಿ 2020ರಲ್ಲಿ ಐದು ವರ್ಷಗಳ ವೀಸಾ ಆರಂಭವಾಯಿತು. ಆಗ ಮಾಸಿಕ 20,000 ದಿರ್ಹಮ್ ಆದಾಯ, ಅಥವಾ 10 ಲಕ್ಷ ದಿರ್ಹಮ್ ಉಳಿತಾಯ, ಅಥವಾ 20 ಲಕ್ಷ ದಿರ್ಹಮ್ ಮೌಲ್ಯದ ಆಸ್ತಿಯನ್ನು ಕೇಳಲಾಗಿತ್ತು.
* ನ್ಯೂಜಿಲೆಂಡ್: 66 ವರ್ಷ ಮೀರಿದವರಿಗೆ ಎರಡು ವರ್ಷಗಳ ತಾತ್ಕಾಲಿಕ ನಿವೃತ್ತಿ ವೀಸಾ ಇದೆ. ಇದಕ್ಕೆ 7,50,000 ನ್ಯೂಜಿಲೆಂಡ್ ಡಾಲರ್ ಹೂಡಿಕೆ, ಜೀವನ ನಿರ್ವಹಣೆಗೆ 5,00,000 ಡಾಲರ್ ಮತ್ತು ವರ್ಷಕ್ಕೆ 60,000 ಡಾಲರ್ ಆದಾಯ, ಈ ಮೂರೂ ಬೇಕು.

ಈ ಮೊತ್ತಗಳನ್ನು ಆಯಾ ಸರ್ಕಾರಗಳು ಆಗಾಗ ಬದಲಾಯಿಸುತ್ತವೆ. ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ನಿಯಮವೇ ಅನ್ವಯವಾಗುತ್ತದೆ.

## ಭಾರತದಿಂದ ಹಣ ಕಳುಹಿಸುವ ನಿಯಮಗಳು

ಠೇವಣಿ ಮಾರ್ಗವನ್ನು ಆರಿಸಿಕೊಂಡ ಭಾರತೀಯರು ಭಾರತೀಯ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯ ಅಡಿಯಲ್ಲಿ ಹಣ ಕಳುಹಿಸಬೇಕಾಗುತ್ತದೆ. 2004ರ ಫೆಬ್ರವರಿಯಲ್ಲಿ 25,000 ಡಾಲರ್ ಮಿತಿಯೊಂದಿಗೆ ಆರಂಭವಾದ ಈ ಯೋಜನೆಯಲ್ಲಿ 2015ರಿಂದ ಒಬ್ಬ ನಿವಾಸಿ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು. ಪ್ಯಾನ್ ಸಂಖ್ಯೆ ಕಡ್ಡಾಯ. ಮಲೇಷ್ಯಾದ ಚಿನ್ನ ಶ್ರೇಣಿಯಂತಹ ದೊಡ್ಡ ಠೇವಣಿಯನ್ನು ಒಬ್ಬರೇ ಒಂದೇ ವರ್ಷದಲ್ಲಿ ಕಳುಹಿಸಲು ಈ ಮಿತಿಯಲ್ಲಿ ಸಾಧ್ಯವಾಗುವುದಿಲ್ಲ.

ಹಣ ಕಳುಹಿಸುವಾಗ ಬ್ಯಾಂಕು ಮೂಲದಲ್ಲಿಯೇ ತೆರಿಗೆಯನ್ನು ಸಂಗ್ರಹಿಸುತ್ತದೆ. ಶಿಕ್ಷಣ, ವೈದ್ಯಕೀಯ ಚಿಕಿತ್ಸೆಯಂತಹ ಉದ್ದೇಶಗಳನ್ನು ಬಿಟ್ಟು ಉಳಿದವುಗಳಿಗೆ 2023ರ ಅಕ್ಟೋಬರ್ 1ರಿಂದ ವರ್ಷಕ್ಕೆ 7 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಶೇ. 20ರ ದರ ಜಾರಿಗೆ ಬಂದಿತು. 2025ರ ಏಪ್ರಿಲ್ 1ರಿಂದ ಈ ಮಿತಿಯನ್ನು 10 ಲಕ್ಷ ರೂಪಾಯಿಗೆ ಏರಿಸಲಾಯಿತು. ಉದಾಹರಣೆಗೆ, ಒಂದು ಬಾತ್‌ಗೆ ಎರಡೂವರೆ ರೂಪಾಯಿಯಂತೆ ಥಾಯ್ಲೆಂಡಿನ 8,00,000 ಬಾತ್ ಠೇವಣಿಯು 20 ಲಕ್ಷ ರೂಪಾಯಿ ಆಗುತ್ತದೆ. ಅದನ್ನು ಒಬ್ಬರೇ ಒಂದೇ ವರ್ಷದಲ್ಲಿ ಕಳುಹಿಸಿದರೆ 10 ಲಕ್ಷದ ಮೇಲೆ 2 ಲಕ್ಷ ರೂಪಾಯಿಯನ್ನು ಹೆಚ್ಚುವರಿಯಾಗಿ ಕಟ್ಟಬೇಕು. ಇದು ಪ್ರತ್ಯೇಕ ತೆರಿಗೆಯಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಾಣಿಕೆಯಾಗುತ್ತದೆ, ಹೆಚ್ಚಾದುದು ಮರಳಿ ಬರುತ್ತದೆ. ಆದರೆ ಮರುಪಾವತಿ ಪಡೆಯಲು ರಿಟರ್ನ್ಸ್ ಸಲ್ಲಿಸಲೇಬೇಕು. ತೆರಿಗೆಗೆ ಒಳಪಡುವಷ್ಟು ಆದಾಯವಿಲ್ಲದ ನಿವೃತ್ತರಿಗೂ ಇದು ಅನ್ವಯಿಸುತ್ತದೆ.

## ಕಲಬುರಗಿ ಸಿಮೆಂಟ್ ವಲಯದ ಪಿಂಚಣಿದಾರರು

### ಉದ್ಯೋಗದ ಸ್ವರೂಪ

ಕಲಬುರಗಿ ಜಿಲ್ಲೆಯ ಈ ಭಾಗವು ಸುಣ್ಣದಕಲ್ಲಿನ ನಿಕ್ಷೇಪಗಳಿಗೆ ಹೆಸರಾಗಿದೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಸ್ಥಾಪನೆಯಾದ ಶಹಾಬಾದ ಸಿಮೆಂಟ್ ಕಂಪನಿಯು 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ರಚನೆಯಾದಾಗ ಅದರಲ್ಲಿ ವಿಲೀನವಾಯಿತು. ನಂತರದ ದಶಕಗಳಲ್ಲಿ ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ರಾಜಶ್ರೀ, ಚಿತ್ತಾಪುರ ತಾಲ್ಲೂಕಿನಲ್ಲಿ ಓರಿಯಂಟ್ ಮತ್ತು ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಕಲಬುರ್ಗಿ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿದವು. ನೆಲಹಾಸಿಗೆ ಬಳಸುವ ಶಹಾಬಾದ ಕಲ್ಲಿನ ಗಣಿಗಾರಿಕೆಯೂ ಇಲ್ಲಿನ ಹಳೆಯ ಉದ್ಯಮ. ವಾಡಿಯು 1874ರಲ್ಲಿ ಸಿಕಂದರಾಬಾದ್ ಮಾರ್ಗ ಆರಂಭವಾದಂದಿನಿಂದ ರೈಲ್ವೆ ಜಂಕ್ಷನ್ ಆಗಿದೆ. ಹೊಲಗಳಲ್ಲಿ ತೊಗರಿ ಮುಖ್ಯ ಬೆಳೆಯಾಗಿದ್ದು, 2019ರಲ್ಲಿ ಈ ಜಿಲ್ಲೆಯ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ಹೀಗಾಗಿ ಇಲ್ಲಿ ನಿವೃತ್ತರಾದವರು ಸ್ಥೂಲವಾಗಿ ನಾಲ್ಕು ಗುಂಪಿಗೆ ಸೇರುತ್ತಾರೆ: ಕಾರ್ಖಾನೆಯ ಕಾಯಂ ನೌಕರರು, ರೈಲ್ವೆ ಮತ್ತು ಸರ್ಕಾರಿ ನೌಕರರು, ಗುತ್ತಿಗೆ ಹಾಗೂ ಗಣಿ ಕಾರ್ಮಿಕರು, ಮತ್ತು ರೈತರು.

### ಕಾರ್ಖಾನೆ ನೌಕರರು

ಖಾಸಗಿ ಕಾರ್ಖಾನೆಯ ಕಾಯಂ ನೌಕರರಿಗೆ 1995ರ ನವೆಂಬರ್ 16ರಿಂದ ಜಾರಿಯಲ್ಲಿರುವ ನೌಕರರ ಪಿಂಚಣಿ ಯೋಜನೆ ಅನ್ವಯಿಸುತ್ತದೆ. ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಮಾಸಿಕ ಪಿಂಚಣಿ ದೊರೆಯುತ್ತದೆ. ನೌಕರರ ನಿಜವಾದ ವೇತನ ಎಷ್ಟೇ ಇರಲಿ, 2014ರ ಸೆಪ್ಟೆಂಬರ್ 1ಕ್ಕೆ ಮೊದಲಿನ ಸೇವೆಗೆ 6,500 ರೂಪಾಯಿ, ನಂತರದ ಸೇವೆಗೆ 15,000 ರೂಪಾಯಿ ಗರಿಷ್ಠ ವೇತನವಾಗಿರುತ್ತದೆ. ಪೂರ್ಣ ವೇತನದ ಮೇಲೆ ವಂತಿಗೆ ಕಟ್ಟಿ ಹೆಚ್ಚಿನ ಪಿಂಚಣಿಯನ್ನು ಆರಿಸಿಕೊಳ್ಳುವ ವಿಷಯದಲ್ಲಿ 2022ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು.

ಯೋಜನೆ ಆರಂಭವಾದಾಗ ಸೇರಿ 2024ರಲ್ಲಿ ನಿವೃತ್ತರಾದ ನೌಕರರೊಬ್ಬರ ಲೆಕ್ಕ ಹೀಗಿರುತ್ತದೆ: ಮೊದಲ 19 ವರ್ಷಗಳಿಗೆ ಸುಮಾರು 1,764 ರೂಪಾಯಿ, ನಂತರದ 10 ವರ್ಷಗಳಿಗೆ ಸುಮಾರು 2,143 ರೂಪಾಯಿ, ಒಟ್ಟು 3,907 ರೂಪಾಯಿ. ಇಪ್ಪತ್ತು ವರ್ಷ ಮೀರಿದ ಸೇವೆಗೆ ಸೇರಿಸಲಾಗುವ ಎರಡು ವರ್ಷಗಳನ್ನು ಪರಿಗಣಿಸಿದರೂ ಇದು 4,500 ರೂಪಾಯಿಯನ್ನು ದಾಟುವುದಿಲ್ಲ. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. ಯೂರೋಗೆ 90 ರೂಪಾಯಿಯಂತೆ ಪೋರ್ಚುಗಲ್ 2025ರಲ್ಲಿ ಕೇಳುತ್ತಿದ್ದ 870 ಯೂರೋ 78,300 ರೂಪಾಯಿ ಆಗುತ್ತದೆ. ಹಾಗಾಗಿ ಮೂರು ದಶಕ ದುಡಿದವರಿಗೂ ಈ ಪಿಂಚಣಿಯ ಬಲದಿಂದ ಆದಾಯ ಮಾರ್ಗದಲ್ಲಿ ಅರ್ಹತೆ ದೊರೆಯುವುದಿಲ್ಲ.

ಠೇವಣಿ ಮಾರ್ಗದ ಸ್ಥಿತಿ ಭಿನ್ನವಾಗಿದೆ. ಕಾಯಂ ನೌಕರರಿಗೆ ನಿವೃತ್ತಿಯ ಸಮಯದಲ್ಲಿ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯ ಇಡುಗಂಟು ದೊರೆಯುತ್ತದೆ. ಗ್ರಾಚ್ಯುಟಿಯನ್ನು ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನದಂತೆ ಲೆಕ್ಕ ಹಾಕಲಾಗುತ್ತದೆ. 2018ರಿಂದ ಅದರ ಶಾಸನಬದ್ಧ ಗರಿಷ್ಠ ಮಿತಿ 20 ಲಕ್ಷ ರೂಪಾಯಿ. ಒಳ್ಳೆಯ ವೇತನದಲ್ಲಿ ನಿವೃತ್ತರಾದವರ ಇಡುಗಂಟು ಥಾಯ್ಲೆಂಡಿನ ಠೇವಣಿಯನ್ನು ಮುಟ್ಟಬಹುದು. ಆದರೆ ಠೇವಣಿಯು ವೀಸಾ ಪಡೆಯಲು ಬೇಕಾದ ಹಣವೇ ಹೊರತು ಜೀವನ ನಡೆಸುವ ಹಣವಲ್ಲ. ಬಾಡಿಗೆ, ಊಟ, ವಿಮೆ, ಪ್ರಯಾಣಗಳಿಗೆ ಬೇರೆ ಮೂಲ ಇರಬೇಕು. ಅದೇ ಇಡುಗಂಟು ಊರಿನಲ್ಲಿ ಮನೆ ಕಟ್ಟಲು, ಮಕ್ಕಳ ಮದುವೆಗೆ, ಸಾಲ ತೀರಿಸಲು ಮೀಸಲಾಗಿರುವುದೂ ಉಂಟು.

ಭಾರತದಲ್ಲೇ ಉಳಿದರೆ ಈ ಹಣವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತೊಡಗಿಸಬಹುದು. 2023ರಿಂದ ಅದರ ಗರಿಷ್ಠ ಮಿತಿ 30 ಲಕ್ಷ ರೂಪಾಯಿ, ಶೇ. 8.2ರ ಬಡ್ಡಿದರದಲ್ಲಿ ಅದು ತಿಂಗಳಿಗೆ 20,500 ರೂಪಾಯಿಗೆ ಸಮನಾದ ಆದಾಯವನ್ನು ಕೊಡುತ್ತದೆ. ಅನಿವಾಸಿಗಳು ಈ ಖಾತೆಯನ್ನು ತೆರೆಯುವಂತಿಲ್ಲ.

### ರೈಲ್ವೆ ಮತ್ತು ಸರ್ಕಾರಿ ನೌಕರರು

2004ರ ಜನವರಿ 1ಕ್ಕೆ ಮೊದಲು ಸೇರಿದ ರೈಲ್ವೆ ನೌಕರರಿಗೂ, 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದ ಕರ್ನಾಟಕ ಸರ್ಕಾರಿ ನೌಕರರಿಗೂ ಹಳೆಯ ಪಿಂಚಣಿ ಪದ್ಧತಿ ಅನ್ವಯಿಸುತ್ತದೆ. ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ ದೊರೆಯುತ್ತದೆ. 80,000 ರೂಪಾಯಿ ಮೂಲ ವೇತನದಲ್ಲಿ ನಿವೃತ್ತರಾದ ಕೇಂದ್ರ ನೌಕರರಿಗೆ, ತುಟ್ಟಿಭತ್ಯೆ ಶೇ. 50 ಇದ್ದ 2024ರ ಜನವರಿಯ ಲೆಕ್ಕದಲ್ಲಿ 60,000 ರೂಪಾಯಿ ಆಗುತ್ತದೆ. ಇದಕ್ಕೆ ಬಡ್ಡಿ ಅಥವಾ ಬಾಡಿಗೆ ಸೇರಿದರೆ ಪೋರ್ಚುಗಲ್‌ನ ಮಟ್ಟವನ್ನು ತಲುಪಬಹುದು. ವಾಡಿಯಂತಹ ಊರಿನಲ್ಲಿ ಒಂದೇ ಅವಧಿಯಲ್ಲಿ ನಿವೃತ್ತರಾದ ರೈಲ್ವೆ ನೌಕರರ ಮತ್ತು ಸಿಮೆಂಟ್ ನೌಕರರ ಪಿಂಚಣಿಯಲ್ಲಿ ಹತ್ತು ಪಟ್ಟಿಗಿಂತ ಹೆಚ್ಚಿನ ಅಂತರವಿರುವುದು ಹೀಗೆ ಸಾಧ್ಯವಾಗುತ್ತದೆ. ಮೇಲಿನ ದಿನಾಂಕಗಳ ನಂತರ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಜಾರಿಗೆ ಬಂದಿತು. ಅದರಲ್ಲಿ ಪಿಂಚಣಿಯು ಕೂಡಿಟ್ಟ ನಿಧಿಯನ್ನು ಅವಲಂಬಿಸಿರುತ್ತದೆ.

### ಗುತ್ತಿಗೆ ಕಾರ್ಮಿಕರು ಮತ್ತು ರೈತರು

ನೌಕರರ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿಗೆ ಕನಿಷ್ಠ ಹತ್ತು ವರ್ಷಗಳ ಸೇವೆ ಬೇಕು. ಗುತ್ತಿಗೆದಾರರು ಬದಲಾದಾಗಲೆಲ್ಲ ಹೊಸ ಖಾತೆ ತೆರೆದು ಹಳೆಯದನ್ನು ವರ್ಗಾಯಿಸಿಕೊಳ್ಳದವರ ಸೇವೆ ತುಂಡಾಗುತ್ತದೆ. ಪಿಂಚಣಿಯೇ ಇಲ್ಲದವರಲ್ಲಿ 65 ವರ್ಷ ಮೀರಿದ ಬಡವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಿದೆ. ಅದರ ಅರ್ಹತೆಗೆ ಆದಾಯವು ನಿಗದಿತ ಮಿತಿಗಿಂತ ಕಡಿಮೆ ಇರಬೇಕು; ನಿವೃತ್ತಿ ವೀಸಾಕ್ಕೆ ಬೇಕಾದುದು ಇದಕ್ಕೆ ತದ್ವಿರುದ್ಧ.

ರೈತರ ಸಮಸ್ಯೆ ಬೇರೆ. ಹಲವು ಎಕರೆ ಹೊಲವುಳ್ಳವರು ಆಸ್ತಿಯ ಮೌಲ್ಯದಲ್ಲಿ ಪಿಂಚಣಿದಾರರಿಗಿಂತ ಶ್ರೀಮಂತರಾಗಿರಬಹುದು. ಆದರೆ ಪಹಣಿಯು ಭೂಮಿಯ ಹಕ್ಕು ಮತ್ತು ಬೆಳೆಯ ದಾಖಲೆಯೇ ಹೊರತು ಆದಾಯದ ದಾಖಲೆಯಲ್ಲ. ತೊಗರಿಯ ಆದಾಯ ವರ್ಷಕ್ಕೊಮ್ಮೆ ಬರುತ್ತದೆ. ಮಳೆ ಮತ್ತು ಬೆಲೆಗೆ ತಕ್ಕಂತೆ ಏರಿಳಿಯುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ಅನೇಕರು ರಿಟರ್ನ್ಸ್ ಸಲ್ಲಿಸಿರುವುದಿಲ್ಲ. ಮಾಸಿಕ ಆದಾಯವನ್ನು ಕೇಳುವ ವೀಸಾ ಅಧಿಕಾರಿಯ ಮುಂದೆ ಇಂತಹವರು ತೋರಿಸಬಹುದಾದ ಕಾಗದಗಳು ಕಡಿಮೆ. ಭೂಮಿಯನ್ನು ಮಾರಿ ಠೇವಣಿ ಇಡುವುದೊಂದೇ ದಾರಿಯಾದರೆ, ಮರಳಿ ಬರುವಾಗ ಊರಿನಲ್ಲಿ ಜೀವನಾಧಾರ ಉಳಿದಿರುವುದಿಲ್ಲ. ಅನಿವಾಸಿ ಭಾರತೀಯರು ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ; ನಿವಾಸಿಯಾಗಿದ್ದಾಗ ಪಡೆದ ಮತ್ತು ಪಿತ್ರಾರ್ಜಿತವಾಗಿ ಬಂದ ಭೂಮಿಯನ್ನು ಉಳಿಸಿಕೊಳ್ಳಬಹುದು.

## ದಾಖಲೆಗಳು

ಪಿಂಚಣಿ ಪಾವತಿ ಆದೇಶ, ಪಿಂಚಣಿ ಜಮೆಯಾದ ಬ್ಯಾಂಕ್ ಖಾತೆಯ ವಿವರ, ಆದಾಯ ತೆರಿಗೆ ರಿಟರ್ನ್ಸ್, ಠೇವಣಿ ಪ್ರಮಾಣಪತ್ರ, ವಿವಾಹ ನೋಂದಣಿ ಪತ್ರ ಮತ್ತು ಪಾಸ್‌ಪೋರ್ಟ್ ಸೇವೆಯ ಮೂಲಕ ಪಡೆದ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಗಳನ್ನು ಸಾಮಾನ್ಯವಾಗಿ ಕೇಳಲಾಗುತ್ತದೆ. ಕನ್ನಡದ ದಾಖಲೆಗಳನ್ನು ಪ್ರಮಾಣೀಕೃತವಾಗಿ ಭಾಷಾಂತರಿಸಬೇಕು. ಭಾರತದಲ್ಲಿ ಹೇಗ್ ಅಪೊಸ್ಟಿಲ್ ಒಪ್ಪಂದವು 2005ರಿಂದ ಜಾರಿಯಲ್ಲಿದೆ. ಆ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಸಾಕು, ಉಳಿದ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ದೃಢೀಕರಣ ಬೇಕು.

ಆಧಾರ್, ಪಾಸ್‌ಪೋರ್ಟ್, ಪಿಂಚಣಿ ಆದೇಶ ಮತ್ತು ಬ್ಯಾಂಕ್ ಪುಸ್ತಕಗಳಲ್ಲಿ ಹೆಸರು, ತಂದೆಯ ಹೆಸರು ಅಥವಾ ಜನ್ಮದಿನಾಂಕ ಬೇರೆಬೇರೆಯಾಗಿದ್ದರೆ ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಬೇಕಾಗುತ್ತದೆ. ಖಾತೆಗೆ ಒಮ್ಮೆಲೇ ಬಂದ ದೊಡ್ಡ ಮೊತ್ತದ ಮೂಲವನ್ನೂ ತೋರಿಸಬೇಕಾಗಬಹುದು. ಭವಿಷ್ಯ ನಿಧಿಯ ಪಾವತಿ ಪತ್ರ ಅಥವಾ ನೋಂದಾಯಿತ ಕ್ರಯಪತ್ರ ಇದಕ್ಕೆ ಆಧಾರವಾಗುತ್ತದೆ.

## ವಿದೇಶಕ್ಕೆ ತೆರಳಿದ ನಂತರ

ವಿದೇಶದಲ್ಲಿ ನೆಲೆಸಿದವರು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ ಅನಿವಾಸಿಗಳಾಗುತ್ತಾರೆ. ಅವರ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿ ಸಾಮಾನ್ಯ ಖಾತೆಯಾಗಿ ಬದಲಾಯಿಸಬೇಕು. ಪಿಂಚಣಿ, ಬಾಡಿಗೆ, ಬಡ್ಡಿಯಂತಹ ಚಾಲ್ತಿ ಆದಾಯವನ್ನು ತೆರಿಗೆ ಕಳೆದು ವಿದೇಶಕ್ಕೆ ತರಿಸಿಕೊಳ್ಳಬಹುದು. ಖಾತೆಯಲ್ಲಿರುವ ಇತರ ಹಣವನ್ನು, ಆಸ್ತಿ ಮಾರಾಟದ ಮೊತ್ತವೂ ಸೇರಿ, ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳುಹಿಸಲು ಅವಕಾಶವಿದೆ.

ಪಿಂಚಣಿ ನಿಲ್ಲದಿರಲು ಪ್ರತಿವರ್ಷ ಜೀವಿತ ಪ್ರಮಾಣಪತ್ರವನ್ನು ಸಲ್ಲಿಸಬೇಕು. 2014ರ ನವೆಂಬರ್‌ನಲ್ಲಿ ಆರಂಭವಾದ 'ಜೀವನ್ ಪ್ರಮಾಣ್' ಸೇವೆಯ ಮೂಲಕ ಇದನ್ನು ಡಿಜಿಟಲ್ ರೂಪದಲ್ಲಿ ಸಲ್ಲಿಸಬಹುದು. ವಿದೇಶದಲ್ಲಿರುವವರು ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯಿಂದಲೂ ಪ್ರಮಾಣಪತ್ರ ಪಡೆಯಬಹುದು. ಪ್ರಮಾಣಪತ್ರ ತಪ್ಪಿ ಪಿಂಚಣಿ ನಿಂತರೆ ಆದಾಯ ಮಾರ್ಗದ ವೀಸಾ ನವೀಕರಣಕ್ಕೂ ತೊಂದರೆಯಾಗುತ್ತದೆ.

ಪಿಂಚಣಿದಾರರು ತೀರಿಕೊಂಡರೆ ನೌಕರರ ಪಿಂಚಣಿ ಯೋಜನೆಯಲ್ಲಿ ಪತಿ ಅಥವಾ ಪತ್ನಿಗೆ ಸಿಗುವುದು ಪಿಂಚಣಿಯ ಅರ್ಧ ಮಾತ್ರ; ಕನಿಷ್ಠ ಮೊತ್ತ 1,000 ರೂಪಾಯಿ. ಅವಲಂಬಿತರಾಗಿ ಜೊತೆಗೆ ಹೋದವರು ಆಗ ಸ್ವಂತ ಹೆಸರಿನಲ್ಲಿ ಅರ್ಹತೆ ತೋರಿಸಬೇಕಾಗಬಹುದು. ಜಂಟಿ ಖಾತೆ ಮತ್ತು ನಾಮನಿರ್ದೇಶನದ ವಿಷಯವನ್ನು ಹೊರಡುವ ಮೊದಲೇ ತೀರ್ಮಾನಿಸುವುದು ಇದೇ ಕಾರಣಕ್ಕೆ ಮುಖ್ಯವಾಗುತ್ತದೆ.

ಊರಿನಲ್ಲಿ ದೊರೆಯುತ್ತಿದ್ದ ವೈದ್ಯಕೀಯ ಸೌಲಭ್ಯಗಳೂ ಜೊತೆಗೆ ಬರುವುದಿಲ್ಲ. ನೌಕರರ ರಾಜ್ಯ ವಿಮೆಗೆ ಒಳಪಟ್ಟು ಕನಿಷ್ಠ ಐದು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ದಂಪತಿಗಳಿಬ್ಬರೂ ಚಿಕಿತ್ಸೆ ಪಡೆಯಬಹುದಾಗಿದ್ದು, ಕಲಬುರಗಿಯಲ್ಲಿ ಈ ನಿಗಮದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. 70 ವರ್ಷ ಮೀರಿದವರಿಗೆ 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ಭಾರತ್ ಅಡಿಯಲ್ಲಿ ದೊರೆಯುವ 5 ಲಕ್ಷ ರೂಪಾಯಿಯ ರಕ್ಷಣೆಯೂ ಭಾರತಕ್ಕೆ ಸೀಮಿತ.

## ಮಕ್ಕಳ ಆದಾಯವನ್ನು ಆಧರಿಸಿದ ವೀಸಾಗಳು

ಸ್ವಂತ ಪಿಂಚಣಿ ಸಾಲದವರಿಗೆ, ಮಕ್ಕಳು ವಿದೇಶದಲ್ಲಿ ನೆಲೆಸಿದ್ದರೆ, ಬೇರೊಂದು ಮಾರ್ಗವಿದೆ. ಇದರಲ್ಲಿ ಆರ್ಥಿಕ ಅರ್ಹತೆಯ ಹೊಣೆ ಮಕ್ಕಳ ಮೇಲಿರುತ್ತದೆ.

* ಕೆನಡಾ: 2011ರ ಡಿಸೆಂಬರ್‌ನಲ್ಲಿ ಆರಂಭವಾದ ಸೂಪರ್ ವೀಸಾಕ್ಕೆ ಮಗ ಅಥವಾ ಮಗಳ ಆದಾಯವು ಕುಟುಂಬದ ಗಾತ್ರಕ್ಕೆ ನಿಗದಿಯಾದ ಕನಿಷ್ಠ ಮಟ್ಟವನ್ನು ತಲುಪಬೇಕು. ಪೋಷಕರಿಗೆ ಕನಿಷ್ಠ 1,00,000 ಕೆನಡಿಯನ್ ಡಾಲರ್‌ನ ಆರೋಗ್ಯ ವಿಮೆ ಕಡ್ಡಾಯ. 2022ರಿಂದ ಒಮ್ಮೆ ಹೋದವರು ಐದು ವರ್ಷಗಳವರೆಗೆ ಇರಬಹುದು.
* ಅಮೆರಿಕ: 21 ವರ್ಷ ತುಂಬಿದ ಪೌರರು ತಂದೆತಾಯಿಗಳಿಗೆ ಖಾಯಂ ವಾಸದ ಅರ್ಜಿ ಸಲ್ಲಿಸಬಹುದು. ಪ್ರಾಯೋಜಕರ ಆದಾಯವು ಸರ್ಕಾರ ನಿಗದಿಪಡಿಸಿದ ಬಡತನ ಮಟ್ಟದ ಶೇ. 125ರಷ್ಟು ಇರಬೇಕು.
* ಆಸ್ಟ್ರೇಲಿಯಾ: ವಂತಿಗೆಸಹಿತ ಪೋಷಕ ವೀಸಾಕ್ಕೆ ಒಬ್ಬರಿಗೆ 40,000 ಆಸ್ಟ್ರೇಲಿಯನ್ ಡಾಲರ್‌ಗಿಂತ ಹೆಚ್ಚು ಶುಲ್ಕವಿದ್ದು, ನಿರ್ವಹಣೆಯ ಮುಚ್ಚಳಿಕೆಯನ್ನೂ ಕೊಡಬೇಕು.
* ಬ್ರಿಟನ್: 2012ರಿಂದ ಜಾರಿಯಲ್ಲಿರುವ ನಿಯಮದಂತೆ, ದೈನಂದಿನ ಆರೈಕೆಯ ಅಗತ್ಯವಿದ್ದು ಅದು ತಾಯ್ನಾಡಿನಲ್ಲಿ ದೊರೆಯುವುದಿಲ್ಲ ಎಂಬುದನ್ನು ಸಾಬೀತುಪಡಿಸಿದ ಪೋಷಕರಿಗೆ ಮಾತ್ರ ಅವಕಾಶವಿದೆ.

## ವಿಮರ್ಶೆ

ನಿವೃತ್ತಿ ವೀಸಾದ ಮಾನದಂಡಗಳು ಅಧಿಕ ಪಿಂಚಣಿಯಿರುವ ದೇಶಗಳ ನಿವೃತ್ತರನ್ನು ಗಮನದಲ್ಲಿಟ್ಟು ರೂಪುಗೊಂಡಿವೆ. ವಿದೇಶಿ ಕರೆನ್ಸಿಯಲ್ಲಿ ನಿಗದಿಯಾದ ಮೊತ್ತವು ರೂಪಾಯಿ ಕುಸಿದಾಗಲೆಲ್ಲ ಭಾರತೀಯರಿಗೆ ಏರುತ್ತದೆ. ತುಟ್ಟಿಭತ್ಯೆಯಿಲ್ಲದ ಪಿಂಚಣಿ ಇದ್ದಲ್ಲೇ ಇರುತ್ತದೆ. ಯೋಜನೆಗಳ ನಿಯಮ ಬದಲಾದಾಗ ಮರಳಿ ಬರಬೇಕಾದ ಸಂದರ್ಭವೂ ಒದಗಬಹುದು. ಊರಿನ ಮನೆ, ಹೊಲ, ಉಳಿತಾಯಗಳನ್ನೆಲ್ಲ ಠೇವಣಿಗಾಗಿ ಕರಗಿಸಿದವರಿಗೆ ಇದರಿಂದ ಆಗುವ ನಷ್ಟ ಹೆಚ್ಚು. ಮರಳುವ ಖರ್ಚನ್ನೂ, ಊರಿನಲ್ಲಿ ಒಂದು ನೆಲೆಯನ್ನೂ ಉಳಿಸಿಕೊಂಡ ನಂತರ ಉಳಿಯುವ ಹಣವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ, ಅರ್ಹರಾಗುವವರ ಸಂಖ್ಯೆ ನಿಯಮಗಳು ಸೂಚಿಸುವುದಕ್ಕಿಂತಲೂ ಕಡಿಮೆಯಾಗುತ್ತದೆ.

## ಇವನ್ನೂ ನೋಡಿ

* ನೌಕರರ ಭವಿಷ್ಯ ನಿಧಿ ಸಂಘಟನೆ
* ಅನಿವಾಸಿ ಭಾರತೀಯರು
* ಕಲಬುರಗಿ ಜಿಲ್ಲೆ
* ವಾಡಿ ಜಂಕ್ಷನ್